ಹಳೆಯ ವಿಂಚೆಸ್ಟರ್ 92 ಕಾರ್ಬೈನ್: ನಮ್ಮ ಕಡೆಯ ತೋಟದ ಮನೆಗೆ ಎಷ್ಟು ಒಗ್ಗುತ್ತದೆ?

ತೋಟಾ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದವರು ಈ ಕೋವಿ ಕೊಳ್ಳಬಾರದು. ಮಿಕ್ಕ ಮಾತೆಲ್ಲ ಆಮೇಲೆ. ವಿಂಚೆಸ್ಟರ್ ಕಂಪನಿಯ 1892ರ ಮಾದರಿ, .44-40 ಕ್ಯಾಲಿಬರು, 20 ಇಂಚು ನಳಿಗೆಯ ಕಾರ್ಬೈನು, ಅಂದರೆ ಗಿಡ್ಡ ರೈಫಲು: ಕೈಗೆ ತೆಗೆದುಕೊಂಡರೆ ಕೆಳಗಿಡಲು ಮನಸ್ಸಾಗದ ಕೋವಿ. ತೂಕ ಸುಮಾರು ಎರಡೂಮುಕ್ಕಾಲು ಕಿಲೋ. ರಿಸೀವರಿನ (ನಳಿಗೆಯ ಹಿಂದೆ ಯಂತ್ರ ಕೂರುವ ಉಕ್ಕಿನ ಪೆಟ್ಟಿಗೆ) ಅಡಿಯಲ್ಲಿ ಒಂದೇ ಕೈಯಲ್ಲಿ ಹಿಡಿದರೆ ತಕ್ಕಡಿಯ ಹಾಗೆ ಸಮತೂಕವಾಗಿ ನಿಲ್ಲುತ್ತದೆ. ಆದರೆ ಇದರ ಗುಣವೂ ದೋಷವೂ ಅದು ನುಂಗುವ ತೋಟಾದಲ್ಲೇ ಇವೆ. ತೋಟಾ ಅರ್ಥವಾದರೆ ಕೋವಿ ಅರ್ಥವಾಯಿತು.

ಕಾಸರಗೋಡಿನ ಗಡಿ ಊರುಗಳಲ್ಲಿ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಆದೂರು ಕಡೆ, ಲೈಸೆನ್ಸಿನ ಕೋವಿ ಅಂದರೆ ಹೆಚ್ಚಾಗಿ 12 ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ, ಇಲ್ಲವೇ ಹಳೆಯ ಕೇಪಿನ ಕೋವಿ. ಟ್ರಿಗರಿನ ಸುತ್ತಲಿನ ಹಿಡಿಯನ್ನು ಕೆಳಗೆ ಒಯ್ದು ತಂದು ತೋಟಾ ಏರಿಸುವ ಇಂಥ ಲಿವರ್ ಕಾರ್ಬೈನು ಬಲು ಅಪರೂಪ. ಹೊಸದನ್ನು ತರಿಸೋಣ ಎಂದರೆ, 1980ರ ದಶಕದಿಂದ ಸಾಮಾನ್ಯ ಲೈಸೆನ್ಸುದಾರರಿಗೆ ವಿದೇಶಿ ಕೋವಿಯ ಆಮದು ಮುಚ್ಚಿಹೋಗಿದೆ. ಆದ್ದರಿಂದ ಇಲ್ಲಿ ಕೈ ಬದಲಾಗುವುದೆಲ್ಲ ಅಜ್ಜಂದಿರ ಕಾಲದ ಮಾಲು. ಇದು ಅಂಥ ಹಳೆಯ ಕೋವಿಯನ್ನು ನೋಡಿ ಕೊಳ್ಳುವವರಿಗೂ, ಮನೆಯ ಹಿರಿಯರಿಂದ ಪಡೆಯುವವರಿಗೂ ಬರೆದ ವಿಮರ್ಶೆ.

ಮೊದಲು ತೋಟಾ. .44-40 ಹುಟ್ಟಿದ್ದು ಅಮೆರಿಕದಲ್ಲಿ, ವಿಂಚೆಸ್ಟರಿನ 1873ರ ರೈಫಲಿನ ಜೊತೆ. ಹೆಸರಿನ 40 ಎಂದರೆ 40 ಗ್ರೇನ್ ಕರಿಮದ್ದು. ಗುಂಡು 200 ಗ್ರೇನ್, ಅಂದರೆ ಸುಮಾರು 13 ಗ್ರಾಂ ಸೀಸ. ಕೆಲವೇ ವರ್ಷಗಳಲ್ಲಿ ಕೋಲ್ಟಿನವರು ಇದೇ ತೋಟಾಕ್ಕೆ ರಿವಾಲ್ವರ್ ಮಾಡಿದರು. ಸೊಂಟದ ರಿವಾಲ್ವರಿಗೂ ಕುದುರೆಯ ಜೀನಿನಲ್ಲಿ ತೂಗುವ ಕಾರ್ಬೈನಿಗೂ ಒಂದೇ ತೋಟಾ ಎಂಬುದು ಅಲ್ಲಿಯವರಿಗೆ ದೊಡ್ಡ ಅನುಕೂಲ. ಕಾರ್ಬೈನಿನ ಎಡಬದಿಯಲ್ಲಿ ಇವತ್ತಿಗೂ ಕಾಣುವ ಕಬ್ಬಿಣದ ಬಳೆ ಆ ಜೀನಿಗೆ ಸಿಕ್ಕಿಸಲು ಇಟ್ಟದ್ದು. 1892ರ ಮಾದರಿಯನ್ನು ರೂಪಿಸಿದವರು ಜಾನ್ ಮೋಸೆಸ್ ಬ್ರೌನಿಂಗ್. ತಮ್ಮದೇ 1886ರ ದೊಡ್ಡ ರೈಫಲಿನ ಬೀಗವನ್ನು ಪಿಸ್ತೂಲಿನ ತೋಟಾದ ಅಳತೆಗೆ ಕುಗ್ಗಿಸಿದರು. ತೋಟಾವನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಎರಡೂ ಪಕ್ಕದಲ್ಲಿ ಒಂದೊಂದು ಉಕ್ಕಿನ ತುಂಡು ಕೆಳಗಿನಿಂದ ಎದ್ದು ನಿಂತು ಬೀಗ ಹಾಕುತ್ತದೆ. 1873ರ ಮಾದರಿಯ ಕೀಲುಕೊಂಡಿಗಿಂತ ಇದು ಎಷ್ಟೋ ಗಟ್ಟಿ. ಹತ್ತು ಲಕ್ಷಕ್ಕೂ ಮೀರಿ ತಯಾರಾದವು.

ಪಿಸ್ತೂಲಿನ ತೋಟಾವನ್ನು ಉದ್ದ ನಳಿಗೆಯಲ್ಲಿ ಹಾರಿಸಿದರೆ ಲಾಭವೇನು? ಇದು ತೋಟಾದಿಂದ ತೋಟಾಕ್ಕೆ ಬೇರೆ. ಅಮೆರಿಕದಲ್ಲಿ ಈಗ ಹೆಚ್ಚು ನಡೆಯುವ .357 ಮ್ಯಾಗ್ನಮ್ಮಿನಲ್ಲಿ 158 ಗ್ರೇನ್ ಗುಂಡು 4 ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,200 ಅಡಿ ವೇಗದಲ್ಲಿ ಹೊರಟರೆ, 18-20 ಇಂಚಿನ ಕಾರ್ಬೈನಿನಿಂದ 1,700 ದಾಟುತ್ತದೆ. ನಿಧಾನಕ್ಕೆ ಉರಿಯುವ ಮದ್ದು ಗಿಡ್ಡ ನಳಿಗೆಯಲ್ಲಿ ಅರ್ಧಂಬರ್ಧ ಉರಿದು ಬಾಯಿಂದಾಚೆ ಬೆಂಕಿಯಾಗಿ ಹೋಗುತ್ತದೆ. ಉದ್ದ ನಳಿಗೆಯಲ್ಲಿ ಪೂರ್ತಿ ಉರಿದು ಗುಂಡನ್ನು ತಳ್ಳುತ್ತದೆ. .44-40 ಕಡಿಮೆ ಒತ್ತಡದ ಹಳೆಯ ತೋಟಾ. ಕಾರ್ಬೈನಿನಲ್ಲಿ 1,200 ಅಡಿಯ ಆಸುಪಾಸು, ಅಷ್ಟೇ. ಇದರ ಲಾಭ ವೇಗದಲ್ಲಿ ಇಲ್ಲ. ಭುಜಕ್ಕೆ ಆನಿಸಿ, ಉದ್ದನೆಯ ಸೈಟಿನಲ್ಲಿ (ಗುರಿ ಹಿಡಿಯುವ ಕಂಡಿ, ಮೊನೆ) ನೋಡಿ, ಗುಂಡು ಇಟ್ಟಲ್ಲಿ ಇಡುವುದರಲ್ಲಿದೆ. ಒದೆತ ತೀರಾ ಕಡಿಮೆ. ಜೋಡಿ ನಳಿಗೆಯ 12 ಬೋರ್ ಹಾರಿಸಿ ಭುಜ ಹಿಡಿದುಕೊಂಡವರಿಗೆ ವ್ಯತ್ಯಾಸ ಮೊದಲ ಈಡಿಗೇ ಗೊತ್ತಾಗುತ್ತದೆ. .315 ರೈಫಲಿನ ಹಾಗೆ ಕಿವಿಗೆ ಹೊಡೆಯುವುದೂ ಇಲ್ಲ. ಹಾಗೆಂದು ಕಿವಿಗೆ ಏನೂ ಇಟ್ಟುಕೊಳ್ಳದೆ ಹಾರಿಸುವಂತಿಲ್ಲ.

ಈಗ ದೂರದ ಲೆಕ್ಕ. ಅಡಿಕೆ ತೋಟದಲ್ಲಿ ಕಂಗಿನಿಂದ ಕಂಗಿಗೆ ಒಂಬತ್ತು ಅಡಿ, ಅಂದರೆ 2.7 ಮೀಟರ್. ಕಾಸರಗೋಡಿನ ತೋಟಬೆಳೆ ಸಂಶೋಧನಾ ಕೇಂದ್ರ ಹೇಳುವ ಅಂತರವೂ ಅದೇ. ಸಾಲು ಹಿಡಿದು ಹತ್ತು ಅಂತರ ಎಣಿಸಿದರೆ 27 ಮೀಟರ್, ಹದಿನೆಂಟು ಎಣಿಸಿದರೆ 50 ಮೀಟರಿಗೆ ಹತ್ತಿರ. ಈ ಕಾರ್ಬೈನಿನ ಸೈಟನ್ನು 50 ಮೀಟರಿಗೆ ಹೊಂದಿಸಿಟ್ಟರೆ, ಹದಿನೆಂಟು ಅಂತರದವರೆಗೆ ಏನನ್ನೂ ಲೆಕ್ಕ ಹಾಕದೆ ನೋಡಿದಲ್ಲಿಗೆ ಹಾರಿಸಬಹುದು. ಅದೇ ಗುಂಡು 100 ಮೀಟರಿಗೆ ಹೋಗುವಷ್ಟರಲ್ಲಿ ಸುಮಾರು ಒಂದು ಗೇಣು ಕೆಳಗೆ ಬಿದ್ದಿರುತ್ತದೆ. ನೂರು ಮೀಟರಿನಾಚೆ ಇದು ಊಹೆಯ ಆಟ, ಪ್ರಾಣಿಗೆ ಹಿಂಸೆ. ಸೈಟ್ ಹೊಂದಿಸುವಾಗ ಒಂದು ಮಾತು ನೆನಪಿರಲಿ: ಗುಂಡು ಕೆಳಗೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಏರಿಸಬೇಕು, ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು. ಸರಿಸುವುದಕ್ಕೆ ಹಿತ್ತಾಳೆಯ ಉಳಿ, ಸಣ್ಣ ಸುತ್ತಿಗೆ. ಉಕ್ಕಿನ ಉಳಿ ತಾಗಿಸಿದರೆ ಹಳೆಯ ಕಪ್ಪು ಬಣ್ಣ ಎದ್ದುಹೋಗುತ್ತದೆ.

ಕಾಡುಹಂದಿಗೆ ಸಾಕೇ? ಕೇರಳದಲ್ಲಿ 2022ರಿಂದ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಲು ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು. ಹಾರಿಸುವವರು ಪಟ್ಟಿಯಲ್ಲಿರುವ ಲೈಸೆನ್ಸುದಾರರೇ ಆಗಿರಬೇಕು. ಅಂಥವರು ಕೇಳುವ ಪ್ರಶ್ನೆ ಇದು. ಮೂವತ್ತು ನಲವತ್ತು ಮೀಟರಿನಲ್ಲಿ, ಪ್ರಾಣಿ ಅಡ್ಡಲಾಗಿ ನಿಂತಿದ್ದು, ಮುಂಗಾಲಿನ ಹಿಂಬದಿಗೆ ಗುಂಡು ಇಟ್ಟರೆ ಸಾಕು. ಎದುರಿನಿಂದ, ಓಡುತ್ತಿರುವಾಗ, ಭುಜದ ದಪ್ಪ ಚರ್ಮದ ಮೇಲೆ ಹಾರಿಸಿದರೆ ಸಾಲದು. ಗಂಡು ಹಂದಿಯ ಭುಜದ ಮೇಲಿನ ಗಟ್ಟಿ ಪದರ ಮೆದು ಸೀಸದ ನಿಧಾನ ಗುಂಡನ್ನು ತಡೆದುಬಿಡಬಹುದು. ಗಾಯಗೊಂಡ ಹಂದಿ ಕೊಳಂಜಿಯ ಪೊದೆ ಹೊಕ್ಕರೆ ಹಿಂದೆ ಹೋಗುವವನ ಪ್ರಾಣಕ್ಕೇ ಸಂಚಕಾರ.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನಮ್ಮ ಕಡೆ ಮನೆಗಳು ಒಂದೆಡೆ ಗುಂಪಾಗಿಲ್ಲ. ಒಂದೊಂದು ತೋಟಕ್ಕೆ ಒಂದು ಮನೆ, ಎಲ್ಲ ದಿಕ್ಕಿನಲ್ಲೂ ಒಂದು ದೀಪ. 12 ಬೋರಿನ ಸಣ್ಣ ಚರೆ ಇನ್ನೂರು ಚಿಲ್ಲರೆ ಮೀಟರಿನಲ್ಲಿ ಸತ್ತು ಬೀಳುತ್ತದೆ. 13 ಗ್ರಾಮಿನ ಈ ಸೀಸದ ಗುಂಡು ತಪ್ಪಿ ಹೋದರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಮುರಕಲ್ಲಿನ ಕಟ್ಟೆಗೆ, ಕೆರೆಯ ನೀರಿಗೆ ಓರೆಯಾಗಿ ತಾಗಿದರೆ ಸಿಡಿದು ದಿಕ್ಕು ಬದಲಿಸುತ್ತದೆ. ನಿಧಾನ ವೇಗದ ಭಾರದ ಗುಂಡಿಗೆ ಈ ಚಾಳಿ ಜಾಸ್ತಿ. ಆದ್ದರಿಂದ ಗುಡ್ಡೆಯ ಮೆದು ಮಣ್ಣು ಹಿಂದೆ ಇರುವ ಕಡೆಗೆ, ಮೇಲಿನಿಂದ ಕೆಳಕ್ಕೆ ಮಾತ್ರ ಹಾರಿಸಬೇಕು. ಬಯಲಿನ ಸಮತಟ್ಟು ತೋಟಕ್ಕೆ ಈ ಕೋವಿ ಬೇಡ. ಅಲ್ಲಿಗೆ ಜೋಡಿ ನಳಿಗೆಯೇ ಸರಿ.

ಕೊಳ್ಳುವ ಮೊದಲು ನೋಡಬೇಕಾದದ್ದಕ್ಕೆ ಬರೋಣ. ಇಲ್ಲಿ ಅವಸರ ಮಾಡಬಾರದು, ಅರ್ಧ ದಿನ ಹಿಡಿದರೂ ಹಿಡಿಯಲಿ.

ನಳಿಗೆಯ ಮೇಲಿನ ಅಕ್ಷರ ಓದಿ. .44 ಡಬ್ಲ್ಯೂ.ಸಿ.ಎಫ್. ಎಂದಿದ್ದರೆ ಅದೇ .44-40. ಇದೇ ಮಾದರಿ .38-40, .32-20, .25-20ಯಲ್ಲೂ ಬಂದಿದೆ, ಆ ತೋಟಾಗಳ ಪಾಡು ಇನ್ನೂ ಕಷ್ಟ. "ನಲವತ್ತನಾಲ್ಕು ಅಂದರೆ ಎಲ್ಲಾ ಒಂದೇ" ಎನ್ನುವವರ ಮಾತು ಕೇಳಬೇಡಿ. .44 ಮ್ಯಾಗ್ನಮ್ ಬೇರೆ, ಅದರ ಒತ್ತಡ ಹಲವು ಪಟ್ಟು ಹೆಚ್ಚು. ಯಾರಾದರೂ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡು, ಕೊರೆದು ಬದಲಿಸಿದ ಹಳೆಯ 92 ಎದುರಾದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ. ರಿಸೀವರಿನ ಅಡಿಯಲ್ಲಿ ಮುಂಬದಿಗೆ ಇರುವ ಸಂಖ್ಯೆ ಮಾರುವವರ ಲೈಸೆನ್ಸಿನ ಸಂಖ್ಯೆಗೆ ಅಂಕಿ ಅಂಕಿ ಹೊಂದಬೇಕು. ತುಕ್ಕು ಉಜ್ಜುವಾಗ ಒಂದು ಅಂಕಿ ಸವೆದುಹೋಗಿದ್ದರೂ ಮೊದಲು ಮಾರುವವರೇ ಅದನ್ನು ಅಧಿಕಾರಿಗಳಲ್ಲಿ ಸರಿಪಡಿಸಿ ಕೊಡಲಿ. ಗುರುತಿನ ಸಂಖ್ಯೆ ಇಲ್ಲದ ಕೋವಿಯ ವ್ಯವಹಾರ ಆಯುಧ ಕಾಯಿದೆಯಲ್ಲಿ ಅಪರಾಧ.

ಆಮೇಲೆ ಲಿವರ್ ತೆರೆದು, ಚೇಂಬರ್ ಖಾಲಿ, ನಳಿಗೆಯ ಅಡಿಯಲ್ಲಿ ತೋಟಾ ತುಂಬಿಡುವ ಮ್ಯಾಗಝೀನ್ ಕೊಳವೆ ಖಾಲಿ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ತೆರೆದ ಬೋಲ್ಟಿನ ಮುಂದೆ ಬಿಳಿ ಕಾಗದದ ಚೂರು ಹಿಡಿದು, ಅದಕ್ಕೆ ಟಾರ್ಚ್ ಬಿಟ್ಟು, ನಳಿಗೆಯ ಬಾಯಿಂದ ನೋಡಿ. ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಸಣ್ಣ ಕಪ್ಪು ಚುಕ್ಕಿ ಹಳೆಯ ಕೋವಿಯಲ್ಲಿ ಇದ್ದೇ ಇರುತ್ತದೆ. ಗೆರೆಯೇ ಕರಗಿಹೋಗಿದ್ದರೆ ಗುಂಡು ತಿರುಗುವುದಿಲ್ಲ, ಗುರಿ ನಿಲ್ಲುವುದಿಲ್ಲ. ಒಳಗೆ ಕಪ್ಪು ಉಂಗುರದಂತೆ ನೆರಳು ಕಂಡರೆ ಹಿಂದೊಮ್ಮೆ ಏನೋ ಸಿಕ್ಕಿಕೊಂಡಿದ್ದಾಗ ಹಾರಿಸಿ ಉಬ್ಬಿದೆ ಎಂದರ್ಥ. ಆ ನಳಿಗೆ ಕೆಲಸಕ್ಕಿಲ್ಲ. ಇನ್ನೊಂದು ವಿಷಯ ಹಳೆಯ .44-40ಗೇ ವಿಶೇಷ: ನಳಿಗೆಯ ಒಳ ವ್ಯಾಸ ಎಲ್ಲದರಲ್ಲೂ ಒಂದೇ ಇಲ್ಲ. ಹೆಸರಿಗೆ .427 ಇಂಚು, ಆದರೆ .429 ಹತ್ತಿರದವೂ ಇವೆ. ಅಗಲ ನಳಿಗೆಗೆ ಸಪೂರ ಗುಂಡು ಹಾಕಿದರೆ ಪಕ್ಕದಿಂದ ಬಿಸಿ ಗಾಳಿ ನುಗ್ಗಿ ಸೀಸ ಕರಗಿ ಗೆರೆಗಳಿಗೆ ಮೆತ್ತುತ್ತದೆ. ಹತ್ತು ಹದಿನೈದು ಈಡಿನ ನಂತರ ಗುರಿ ಚದುರತೊಡಗಿದರೆ ಕಾರಣ ಬಹುಮಟ್ಟಿಗೆ ಇದೇ. ಲೈಸೆನ್ಸಿರುವ ಮಿಸ್ತ್ರಿಗೆ ಹೇಳಿ ಮೆದು ಸೀಸ ಹಾಯಿಸಿ ಅಳೆಸಿಕೊಳ್ಳಿ.

ಯಂತ್ರದ ಪರೀಕ್ಷೆಗೆ ಮದ್ದಿಲ್ಲದ ಡಮ್ಮಿ ತೋಟಾ ಐದಾರು ಬೇಕು. ಪಕ್ಕದ ಬಾಗಿಲಿನಿಂದ ಒಂದೊಂದಾಗಿ ತುಂಬಿಸಿ. ಆ ಬಾಗಿಲಿನ ಅಂಚು ಹೆಬ್ಬೆರಳನ್ನು ಕತ್ತರಿಸುವಷ್ಟು ಚೂಪು. ಉಪಾಯ ಏನೆಂದರೆ, ತೋಟಾವನ್ನು ಪೂರ್ತಿ ಒಳಗೆ ದೂಡದೆ ಹಿಂಬದಿ ಸ್ವಲ್ಪ ಹೊರಗುಳಿಸಿ, ಮುಂದಿನ ತೋಟಾದ ಮೂತಿಯಿಂದಲೇ ಅದನ್ನು ತಳ್ಳುವುದು. ಕೊನೆಯದಕ್ಕೆ ಮಾತ್ರ ಹೆಬ್ಬೆರಳು. ಈ ಕಾರ್ಬೈನಿನ ಕೊಳವೆ 12 ಹಿಡಿಯುತ್ತದೆ. ಈಗ ಲಿವರನ್ನು ನಿಧಾನವಾಗಿ ಕೆಳಗೆ ತಂದು ಮೇಲಿನಿಂದ ಒಳಗೆ ನೋಡಿ. ಬೀಗದ ತುಂಡುಗಳು ಇಳಿಯುತ್ತವೆ, ಬೋಲ್ಟ್ ಹಿಂದಕ್ಕೆ ಜಾರಿ ಹ್ಯಾಮರನ್ನು ಮಲಗಿಸುತ್ತದೆ. ಲಿವರ್ ಪೂರ್ತಿ ಕೊನೆಗೆ ಹೋದಾಗ ಕ್ಯಾರಿಯರ್ ತೋಟಾವನ್ನು ಎತ್ತಿ ಹಿಡಿಯುತ್ತದೆ. ಮರಳಿ ಎಳೆದರೆ ಬೋಲ್ಟ್ ಅದನ್ನು ಚೇಂಬರಿಗೆ ನೂಕಿ ಬೀಗ ಹಾಕುತ್ತದೆ. ಒಳ್ಳೆಯ ಕೋವಿಯಲ್ಲಿ ಇದಿಷ್ಟೂ ಎಣ್ಣೆ ಹಾಕಿದ ಬಾಗಿಲಿನಂತೆ ನಡೆಯಬೇಕು. .44-40ಯ ಹಿತ್ತಾಳೆ ಚಿಪ್ಪು ಬಾಯಿಯ ಹತ್ತಿರ ತುಸು ಸಪೂರ, ಆದ್ದರಿಂದ ಚೇಂಬರಿಗೆ ಹಾದಿ ತಪ್ಪದೆ ಜಾರುತ್ತದೆ. ನೇರ ಚಿಪ್ಪಿನ ತೋಟಾಗಳಲ್ಲಿ ಈ ನಯ ಸಿಗುವುದಿಲ್ಲ. ಚಿಪ್ಪಿನ ಬಾಯಿ ತೆಳು, ಹಾರಿದ ಕ್ಷಣ ಹಿಗ್ಗಿ ಚೇಂಬರಿಗೆ ಅಂಟಿ ಮಸಿ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಅದೇ ತೆಳುವಿನಿಂದಾಗಿ ಹಳೆಯ ಚಿಪ್ಪು ಬಾಯಿಯಲ್ಲಿ ಬಿರಿಯುವುದೂ ಬೇಗ.

ಸಿಕ್ಕಿಕೊಳ್ಳುವುದು ಎಲ್ಲಿ? ಹತ್ತರಲ್ಲಿ ಒಂಬತ್ತು ಸಲ ತಪ್ಪು ಕೈಯದು. ಅಂಜುತ್ತಾ, ಅರ್ಧಕ್ಕೇ ಲಿವರ್ ತಿರುಗಿಸಿದರೆ ಹಳೆಯ ಚಿಪ್ಪು ಹಾರುವುದಿಲ್ಲ, ಹೊಸ ತೋಟಾ ಏಳುವುದಿಲ್ಲ, ಎರಡೂ ನಡುವೆ ಸಿಕ್ಕಿ ನಿಲ್ಲುತ್ತವೆ. ಲಿವರನ್ನು ಕೊನೆ ಮುಟ್ಟುವ ತನಕ ಗಟ್ಟಿಯಾಗಿ ಒಯ್ದು ಅಷ್ಟೇ ಗಟ್ಟಿಯಾಗಿ ತರಬೇಕು. ಕೈ ಸರಿಯಿದ್ದೂ ಸಿಕ್ಕಿದರೆ ತೋಟಾದ ಉದ್ದ ಅಳೆಯಿರಿ. ಒಟ್ಟು ಉದ್ದ 1.592 ಇಂಚು, ಅಂದರೆ 40.4 ಮಿಲಿಮೀಟರ್ ಮೀರಿದರೆ ಕ್ಯಾರಿಯರಿನ ಮೇಲೆ ಕೂರುವುದಿಲ್ಲ. ತೀರಾ ಗಿಡ್ಡವಾದರೆ ಹಿಂದಿನದರ ಜೊತೆ ಮುಂದಿನದೂ ನುಸುಳಲು ನೋಡುತ್ತದೆ. ಉದ್ದವೂ ಸರಿಯಿದ್ದರೆ ಕೊಳವೆಯ ಸ್ಪ್ರಿಂಗ್ ಸೋತಿದೆ ಅಥವಾ ಕೊಳವೆಯೊಳಗೆ ತುಕ್ಕಿದೆ. ಚಿಪ್ಪು ಹೊರಬಾರದೆ ಉಳಿದರೆ ಅದನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಸವೆದಿರಬಹುದು, ಮುರಿದಿರಬಹುದು. ಇಟಲಿ, ಬ್ರೆಜಿಲ್, ಜಪಾನಿನಲ್ಲಿ ಈಗಲೂ ಈ ಮಾದರಿ ತಯಾರಾಗುತ್ತದೆ; ಆದರೆ ಅವುಗಳ ಬಿಡಿಭಾಗ ಹಳೆಯದಕ್ಕೆ ನೇರವಾಗಿ ಕೂರುತ್ತದೆಂಬ ಭರವಸೆಯಿಲ್ಲ, ಅರದಿಂದ ಉಜ್ಜಿ ಕೂರಿಸಬಲ್ಲ ಮಿಸ್ತ್ರಿ ಬೇಕು.

ಗುಂಡಿನ ಮೂತಿ ಚಪ್ಪಟೆಯೇ ಆಗಿರಬೇಕು. ಕೊಳವೆಯೊಳಗೆ ಒಂದರ ಮೂತಿ ಇನ್ನೊಂದರ ಹಿಂಬದಿಯ ಕೇಪಿಗೆ ತಾಗಿ ಕೂರುತ್ತದೆ. ಚೂಪು ಮೂತಿಯಿದ್ದರೆ ಒದೆತಕ್ಕೆ ಅದೇ ಸೂಜಿಯಾಗಿ ಕೇಪು ಕುಟ್ಟಿ, ಎಡಗೈಯ ಕೆಳಗೇ ಕೊಳವೆ ಸಿಡಿಯಬಹುದು.

ಸುರಕ್ಷೆಗೆ ಹಳೆಯ 92ರಲ್ಲಿ ಬೇರೆ ಗುಂಡಿ ಇಲ್ಲ. ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿಡುವ ಅರ್ಧ ಕಾಕ್ ಒಂದೇ. ಚೇಂಬರಿನಲ್ಲಿ ತೋಟಾ ಇರುವಾಗ ಹ್ಯಾಮರ್ ಇಳಿಸುವುದು ಒದ್ದೆ ಕೈಗೆ ಅಪಾಯದ ಕೆಲಸ. ಹೆಬ್ಬೆರಳು ಜಾರಿದರೆ ಈಡು ಹಾರಿಯೇ ಹಾರುತ್ತದೆ. ತೋಟದಲ್ಲಿ ನಡೆಯುವಾಗ ಚೇಂಬರ್ ಖಾಲಿ ಇಟ್ಟು, ಕೊಳವೆಯಲ್ಲಿ ಮಾತ್ರ ತೋಟಾ ಇರಲಿ. ಬೇಕಾದಾಗ ಲಿವರ್ ಒಮ್ಮೆ ಎಳೆಯಲು ಒಂದು ಸೆಕೆಂಡೂ ಬೇಡ. ಈ ಕೋವಿಯ ದೊಡ್ಡ ಅನುಕೂಲ ಇದೇ. ಖಾಲಿ ಮಾಡುವುದು ಮಾತ್ರ ಕಿರಿಕಿರಿ: ಪ್ರತಿ ತೋಟಾವೂ ಚೇಂಬರಿನ ಹಾದಿಯಾಗಿಯೇ ಹೊರಬರಬೇಕು. ಬಾಯಿ ಮಣ್ಣಿನ ಕಡೆಗೆ, ಬೆರಳು ಟ್ರಿಗರಿನಿಂದ ಹೊರಗೆ, ಹೊರಬಿದ್ದದ್ದನ್ನು ಎಣಿಸಿ, ಕೊನೆಗೆ ಮತ್ತೊಮ್ಮೆ ಕಿರುಬೆರಳು.

ಇನ್ನು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆಟಿ ತಿಂಗಳಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಕೋವಿಯ ಪಾಡು ಕೇಳಬೇಕೇ? ತುಕ್ಕು ಮೊದಲು ಕಾಣುವುದು ನಳಿಗೆಗೂ ಕೊಳವೆಗೂ ನಡುವಿನ ಸಂದಿಯಲ್ಲಿ, ಎರಡು ಪಟ್ಟಿಗಳ ಅಡಿಯಲ್ಲಿ, ಬಟ್ ತಗಡಿನ ಸ್ಕ್ರೂಗಳಲ್ಲಿ. ತೆಂಗಿನೆಣ್ಣೆ ಹಚ್ಚಬೇಡಿ. ಮನೆಯಲ್ಲಿ ಕೈಗೆ ಸಿಗುವುದು ಅದೇ ನಿಜ; ತಂಪಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿದು ಕ್ಯಾರಿಯರನ್ನೇ ನಿಲ್ಲಿಸುತ್ತದೆ. ತೆಳು ಮೆಷಿನ್ ಎಣ್ಣೆ, ಬಟ್ಟೆಯಲ್ಲಿ ಸವರಿದಷ್ಟೇ. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಿಸಬೇಡಿ, ಚರ್ಮ ತೇವ ಹೀರಿ ಉಕ್ಕಿಗೇ ಒತ್ತಿಡುತ್ತದೆ. ಮರದ ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಹುರಿದು ಒಣಗಿಸಿ ಮತ್ತೆ ಇಡಿ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಹೊರತೆಗೆದು ಒರೆಸಲೇಬೇಕು.

ಹಳೆಯ ದಾಸ್ತಾನಿನ ತೋಟಾ ಹಾರಿಸಿದ ದಿನವಂತೂ ರಾತ್ರಿಯೊಳಗೆ ತೊಳೆಯಬೇಕು. ಹಳೆಯ ಕೇಪುಗಳ ಮಸಿಯಲ್ಲಿ ಉಪ್ಪಿನ ಅಂಶವಿದೆ, ಅದು ಗಾಳಿಯ ತೇವ ಎಳೆದುಕೊಂಡು ಬೆಳಗಾಗುವುದರೊಳಗೆ ನಳಿಗೆ ಕೆಂಪು ಮಾಡುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಬಿಸಿ ಸಾಬೂನು ನೀರಿನ ಬಟ್ಟೆ ಮೂರು ನಾಲ್ಕು ಸಲ, ಒಣ ಬಟ್ಟೆ, ಆಮೇಲೆ ಎಣ್ಣೆ. ಈ ಕೋವಿಗೆ ಹಿಂದಿನಿಂದ ಸರಳು ಹಾಕಲಾಗದು. ಬಾಯಿಂದ ಹಾಕಿದರೆ ಬಾಯಿಯ ಅಂಚು ಸವೆದು ಗುರಿ ಹಾಳಾಗುತ್ತದೆ. ಹಗ್ಗಕ್ಕೆ ಬಟ್ಟೆ ಕಟ್ಟಿ ಚೇಂಬರಿನ ಕಡೆಯಿಂದ ಬಾಯಿಗೆ ಎಳೆಯುವುದೇ ಒಳ್ಳೆಯದು. ಮತ್ತೊಂದು, ನಮ್ಮ ಕಡೆ ಕಣಜ ಮಣ್ಣಿನ ಗೂಡು ಕಟ್ಟಲು ಬೆರಳು ಹೋಗುವ ಯಾವ ತೂತಾದರೂ ಸಾಕು. ಗೋಡೆಗೆ ತೂಗಿಟ್ಟ ಕೋವಿಯ ಬಾಯಿ ಒಂದು ವಾರದಲ್ಲಿ ಮುಚ್ಚಿಹೋಗಿರಬಹುದು. ನೋಡದೆ ಹಾರಿಸಿದರೆ ನಳಿಗೆ ಬಿರಿಯುತ್ತದೆ.

ಕಾಗದಪತ್ರ. ಲೈಸೆನ್ಸಿನ ಕೆಲಸ ವಿದ್ಯಾನಗರದ ಕಲೆಕ್ಟರೇಟಿನಲ್ಲಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸಿನ ಅವಧಿ ಐದು ವರ್ಷ. ಮನೆಯಲ್ಲಿ ಈಗಾಗಲೇ ಜೋಡಿ ನಳಿಗೆ ಇದ್ದರೆ, ಉಳಿದ ಒಂದು ಜಾಗವನ್ನು ಇದಕ್ಕೆ ಕೊಡಬೇಕೇ ಎಂದು ಯೋಚಿಸಿ. ಹಿರಿಯರು ಬದುಕಿರುವಾಗಲೂ, ಎಪ್ಪತ್ತು ವರ್ಷ ತುಂಬಿದ್ದರೆ ಅಥವಾ ಕೋವಿ ಇಪ್ಪತ್ತೈದು ವರ್ಷದಿಂದ ಅವರಲ್ಲಿದ್ದರೆ, ವಾರಸುದಾರರ ಹೆಸರಿಗೆ ಅರ್ಜಿ ಹಾಕಲು 2016ರ ನಿಯಮದಲ್ಲಿ ಅವಕಾಶವಿದೆ. ಗಡಿಯವರು ಒಂದು ವಿಷಯ ಮರೆಯಲೇಬಾರದು: ಲೈಸೆನ್ಸು ಕೇರಳಕ್ಕೆ ಮಾತ್ರ ಎಂದಿದ್ದರೆ ತಲಪಾಡಿ ದಾಟಿ ಮಂಗಳೂರಿನ ಮಿಸ್ತ್ರಿಯ ಹತ್ತಿರ ಕೋವಿ ಒಯ್ಯುವಂತಿಲ್ಲ. ಪುತ್ತೂರು, ಸುಳ್ಯಕ್ಕೂ ಅದೇ ಮಾತು. ನಮಗೆ ಅದು ಪಕ್ಕದ ಪೇಟೆ, ಕಾನೂನಿಗೆ ಬೇರೆ ರಾಜ್ಯ. ಮೊದಲೇ ವ್ಯಾಪ್ತಿ ಬರೆಸಿಕೊಳ್ಳಿ. ಚುನಾವಣೆ ಬಂದಾಗ ಠಾಣೆಯಲ್ಲೋ ಡೀಲರಲ್ಲೋ ಠೇವಣಿ ಇಡಬೇಕಾಗುತ್ತದೆ. 2024ರಲ್ಲಿ ಲೋಕಸಭೆಯ ಫಲಿತಾಂಶ ಬಂದದ್ದು ಜೂನ್ 4ಕ್ಕೆ, ಮಳೆ ಹಿಡಿಯುವ ಹೊತ್ತಿಗೆ. ಇಡುವಾಗ ಎಂದಿಗಿಂತ ದಪ್ಪಗೆ ಎಣ್ಣೆ ಸವರಿ, ಚರ್ಮದ ಪಟ್ಟಿ ಬಿಚ್ಚಿ, ನಾಲ್ಕೂ ಕಡೆಯಿಂದ ಫೋಟೊ ತೆಗೆದು, ರಶೀದಿಯಲ್ಲಿ ಸಂಖ್ಯೆ ಓದಿ ನೋಡಿ.

ತಿರುಗಿ ತೋಟಾಕ್ಕೇ ಬರಬೇಕು. ನಮ್ಮ ದೇಶದ ಸರಕಾರಿ ಕಾರ್ಖಾನೆಗಳು 12 ಬೋರ್, .315, .30-06, .32, .22 ಮಾಡುತ್ತವೆ. ಖಡ್ಕಿಯ ಶಕ್ತಿಮಾನ್ 12 ಬೋರ್ ಬೇಕಾದಾಗ ಸಿಗುತ್ತದೆ. .44-40 ಆ ಸಾಲಿನಲ್ಲಿಲ್ಲ. ವಿದೇಶಿ ತೋಟಾ ತರಿಸುವ ಡೀಲರಲ್ಲಿ ಹೆಸರು ಬರೆಸಿ ಕಾಯಬೇಕು, ಬೆಲೆ ಅವರು ಹೇಳಿದ್ದು. ಖಾಲಿ ಚಿಪ್ಪಿಗೆ ಮನೆಯಲ್ಲೇ ಮದ್ದು ತುಂಬುವುದು ಮಾಮೂಲಿ ಲೈಸೆನ್ಸಿನೊಳಗೆ ಬರುವ ಕೆಲಸವಲ್ಲ. ಕೋವಿಯ ಜೊತೆ ಮಾರುವವರು ಕೊಡುವ ಹಳೆಯ ಪೆಟ್ಟಿಗೆಯ ತೋಟಾದಲ್ಲಿ ಹಿತ್ತಾಳೆಗೆ ಹಸಿರು ಹಿಡಿದದ್ದು, ಬಾಯಿ ಬಿರಿದದ್ದು ಬೇರೆ ಮಾಡಿ ಠಾಣೆಗೆ ಒಪ್ಪಿಸಿ. ಟ್ರಿಗರ್ ಎಳೆದಾಗ ಹಾರದಿದ್ದರೆ ಬಾಯಿ ಮಣ್ಣಿಗೆ ಹಿಡಿದೇ ಅರ್ಧ ನಿಮಿಷ ಕಾದು ಲಿವರ್ ತೆರೆಯಿರಿ. ಪಟ್ ಎಂದು ಸಣ್ಣ ಸದ್ದಾಗಿ ಒದೆತ ಬಾರದಿದ್ದರೆ ಇನ್ನೊಂದು ಈಡು ಹಾರಿಸಲೇಬೇಡಿ, ಗುಂಡು ನಳಿಗೆಯ ನಡುವೆ ನಿಂತಿರಬಹುದು.

ತೋಟ ಕಾಯಲು ಒಂದೇ ಕೋವಿ ಬೇಕೆನ್ನುವವರಿಗೆ 12 ಬೋರ್ ಜೋಡಿ ನಳಿಗೆ. ಗುಡ್ಡೆಯ ಮೇಲಿನಿಂದ ದೂರಕ್ಕೆ ಬೇಕೆನ್ನುವವರಿಗೆ .315. ಈ 92 ಯಾರಿಗೆ ಎಂದರೆ, ಮನೆಯಲ್ಲಿ ಆಗಲೇ ಇದ್ದು ನಳಿಗೆ ಚೆನ್ನಾಗಿರುವವರಿಗೆ, ಇಳಿಜಾರಿನ ತೋಟ ಇರುವವರಿಗೆ, ಹತ್ತು ದಿನಕ್ಕೊಮ್ಮೆ ಒರೆಸುವ ತಾಳ್ಮೆ ಇರುವವರಿಗೆ. ಅಂಥವರು ದಯವಿಟ್ಟು ಇದನ್ನು ಗುಜರಿಯ ಬೆಲೆಗೆ ಬಿಟ್ಟುಕೊಡಬೇಡಿ. ಹೊರಗಿನಿಂದ ಕೊಳ್ಳುವವರು ಕನಿಷ್ಠ ಐವತ್ತು ಒಳ್ಳೆಯ ತೋಟಾ ಕೋವಿಯ ಜೊತೆಗೇ, ಲೆಕ್ಕಪತ್ರ ಸಮೇತ, ಡೀಲರ್ ಮೂಲಕ ಬರುವಂತಿದ್ದರೆ ಮಾತ್ರ ಮುಂಗಡ ಕೊಡಿ.